1784ರ ಮಂಗಳೂರು ಒಪ್ಪಂದ: ಅರ್ಧ ಗೆಲುವಿನ ವಿಮರ್ಶೆ

1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನೂ ಈಸ್ಟ್ ಇಂಡಿಯಾ ಕಂಪನಿಯೂ ಮಾಡಿಕೊಂಡ ಮಂಗಳೂರು ಒಪ್ಪಂದ ಎರಡನೇ ಆಂಗ್ಲೋ–ಮೈಸೂರು ಯುದ್ಧವನ್ನು ಮುಗಿಸಿತು. ಗೆದ್ದ ನೆಲವನ್ನು ಪರಸ್ಪರ ಬಿಟ್ಟುಕೊಡಬೇಕು, ಸೆರೆಯಾಳುಗಳನ್ನು ಬಿಡುಗಡೆ ಮಾಡಬೇಕು ಎಂಬುದು ಅದರ ಸಾರ. ಇದನ್ನು ಟಿಪ್ಪುವಿನ ರಾಜತಾಂತ್ರಿಕ ಜಯವೆಂದು ಬಣ್ಣಿಸುವುದು ವಾಡಿಕೆ. ಒಪ್ಪಂದದ ಕಾರಣ ಮತ್ತು ಫಲ ಎರಡನ್ನೂ ಪರಿಶೀಲಿಸಿದರೆ ಆ ಮಾತಿನಲ್ಲಿ ಅರ್ಧ ಮಾತ್ರ ಉಳಿಯುತ್ತದೆ.

ಯುದ್ಧದ ಕೊನೆಯ ಹಂತದಲ್ಲಿ ಎರಡೂ ಪಕ್ಷಗಳಿಗೆ ಇದ್ದ ಬಲವನ್ನು ಬಳಸಲಾಗಲಿಲ್ಲ. 1783ರ ಮಾರ್ಚಿನಲ್ಲಿ ಮಂಗಳೂರು ಕೋಟೆ ಕಂಪನಿಯ ವಶವಾಯಿತು. ಕಂಪನಿ ಹಿಡಿದಿದ್ದ ಬಿದನೂರನ್ನು ಮರಳಿ ಪಡೆದ ಟಿಪ್ಪು ಮೇ ತಿಂಗಳಲ್ಲಿ ಅದಕ್ಕೆ ಮುತ್ತಿಗೆ ಹಾಕಿದ. ಕೋಟೆಯೊಳಗಿದ್ದ ಕಂಪನಿಯ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್‌ನ ಸಣ್ಣ ಪಡೆಯನ್ನು ಅವನ ದೊಡ್ಡ ಸೇನೆಗೂ ದಾಳಿಯಿಂದ ಮಣಿಸಲಾಗಲಿಲ್ಲ. ಕರಾವಳಿಯ ಮಳೆಗಾಲ ಕಂದಕಗಳ ಕೆಲಸ ಕೆಡಿಸಿತು. ಯುರೋಪಿನಲ್ಲಿ ಬ್ರಿಟನ್–ಫ್ರಾನ್ಸ್ ನಡುವೆ ಸಂಧಿಯಾದ ಸುದ್ದಿ ಬಂದೊಡನೆ ಟಿಪ್ಪುವಿನ ಮಿತ್ರರಾಗಿದ್ದ ಫ್ರೆಂಚರು ಹಿಂದೆ ಸರಿದರು. ಆಗಸ್ಟ್ 2ರಂದು ಕದನವಿರಾಮವಾಯಿತು. ಕೊನೆಗೆ ಕೋಟೆಯನ್ನು ಗೆದ್ದದ್ದು ಹಸಿವು ಮತ್ತು ರೋಗ. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಶರಣಾಗಿ, ಉಳಿದವರೊಡನೆ ತಲಶ್ಶೇರಿಗೆ ಹೊರಟ.

ಇತ್ತ ದಕ್ಷಿಣದಲ್ಲಿ ಕಂಪನಿಯ ಕರ್ನಲ್ ಫುಲ್ಲರ್ಟನ್ 1783ರ ನವೆಂಬರಿನಲ್ಲಿ ಪಾಲಕ್ಕಾಡು, ಕೊಯಮತ್ತೂರುಗಳನ್ನು ಹಿಡಿದಿದ್ದ. ಮೈಸೂರಿನ ದಾರಿ ತೆರೆದಿದ್ದಾಗಲೇ ಮದ್ರಾಸಿನಿಂದ ನಿಲ್ಲುವ ಆಜ್ಞೆ ಬಂತು. ಅವನನ್ನು ತಡೆದದ್ದು ಶತ್ರುವಲ್ಲ, ಸ್ವಂತ ಸರ್ಕಾರ. ಮದ್ರಾಸಿನ ಖಜಾನೆ ಬರಿದಾಗಿತ್ತು. ಗವರ್ನರ್ ಮೆಕಾರ್ಟ್ನಿಗೂ ಕಲ್ಕತ್ತೆಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೂ ಹೊಂದಾಣಿಕೆಯಿರಲಿಲ್ಲ. ಕಂಪನಿಯ ದಂಡಯಾತ್ರೆಗಳು ರಾಷ್ಟ್ರದ ಗೌರವಕ್ಕೂ ನೀತಿಗೂ ವಿರುದ್ಧವೆಂದು 1782ರಲ್ಲೇ ಬ್ರಿಟಿಷ್ ಸಂಸತ್ತಿನ ಕೆಳಮನೆ ನಿರ್ಣಯಿಸಿತ್ತು. 1783ರ ಡಿಸೆಂಬರಿನಲ್ಲಿ ಕಂಪನಿಯ ಭಾರತದ ಆಡಳಿತ ಕುರಿತ ಮಸೂದೆಯ ವಿಷಯದಲ್ಲೇ ಲಂಡನ್ನಿನ ಮಂತ್ರಿಮಂಡಲ ಉರುಳಿತು.

ಈ ಬಿಕ್ಕಟ್ಟನ್ನು ಬಳಸಿಕೊಂಡದ್ದು ಟಿಪ್ಪುವಿನ ನಿಜವಾದ ಜಾಣ್ಮೆ. ಮದ್ರಾಸಿನ ಮೂವರು ಕಮಿಷನರುಗಳು ಮಂಗಳೂರಿನವರೆಗೆ ಬಂದು, ಅವನ ಬಿಡಾರದಲ್ಲೇ ಮಾತುಕತೆ ನಡೆಸಬೇಕಾಯಿತು. ಒಪ್ಪಂದವನ್ನು ಹೇಸ್ಟಿಂಗ್ಸ್ ಮೆಚ್ಚಲಿಲ್ಲ. ಆದರೂ ಅದು ಊರ್ಜಿತವಾಯಿತು.

ದೋಷಗಳೂ ಅಷ್ಟೇ ಸ್ಪಷ್ಟ. ಮೊದಲನೆಯದು ಒಳಾಡಳಿತದ್ದು. ಸಹಿಗೆ ಕೆಲವೇ ದಿನ ಮುಂಚೆ, ಫೆಬ್ರವರಿ 24ರಂದು, ಕಂಪನಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಸಾವಿರಾರು ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಹೊರಗಿನ ಶತ್ರುವಿನೊಡನೆ ಸಂಧಿಗೆ ಸಿದ್ಧವಾಗಿದ್ದ ದೊರೆ ತನ್ನ ಪ್ರಜೆಗಳ ಒಂದು ವರ್ಗದೊಡನೆ ಸಂಧಿಯ ದಾರಿ ಹುಡುಕಲಿಲ್ಲ. ಎರಡನೆಯದು ಕಡಲಿನದು. ಕಂಪನಿಯ ನೌಕಾಬಲ ಹಾಗೆಯೇ ಉಳಿಯಿತು. ಗುರುಪುರ ನದಿಯ ಕಾವಲಿಗೆ ಟಿಪ್ಪು ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಆ ನೌಕಾಬಲದ ಆತಂಕಕ್ಕೆ ಸಾಕ್ಷಿ.

ಮೂರನೆಯದು ಒಪ್ಪಂದದ ಒಡಲಲ್ಲೇ ಇತ್ತು. ಮೊದಲ ಕಲಮು ತಿರುವಾಂಕೂರಿನ ರಾಜನನ್ನು ಕಂಪನಿಯ ಮಿತ್ರನೆಂದು ಹೆಸರಿಸಿತು. 1784ರ ಆಗಸ್ಟಿನಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಪಿಟ್ ಕಾಯಿದೆ ದಂಡಯಾತ್ರೆಯನ್ನು ನಿಷೇಧಿಸಿದರೂ, ಮಿತ್ರರ ರಕ್ಷಣೆಗೆ ಯುದ್ಧ ಮಾಡಲು ಎಡೆಯಿಟ್ಟಿತು. 1786ರಲ್ಲಿ ಹೊಸ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಸೇನಾಧಿಪತ್ಯದ ಜೊತೆಗೆ ಕೌನ್ಸಿಲನ್ನು ಮೀರುವ ಅಧಿಕಾರವೂ ದಕ್ಕಿತು. 1789ರ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ಗಡಿಕೋಟೆಯ ಮೇಲೆ ನುಗ್ಗಿದಾಗ ಕಂಪನಿಗೆ ಬೇಕಿದ್ದ ನೆಪ ಸಿಕ್ಕಿತು. ಮರಾಠರು, ನಿಜಾಮ ಅದರ ಜೊತೆಗೂಡಿದರು. 1792ರಲ್ಲಿ ಮೈಸೂರು ಅರ್ಧ ರಾಜ್ಯ ಕಳೆದುಕೊಂಡಿತು; 1799ರಲ್ಲಿ ಮಂಗಳೂರೂ ಕಂಪನಿಯ ಪಾಲಾಯಿತು.

ಎದುರಾಳಿಯ ಮನೆಯೊಳಗಿನ ಜಗಳ, ಸಾಲ, ಸಂಸತ್ತಿನ ಮುನಿಸು ಅವನ ಸೇನೆಯನ್ನು ತಡೆಯಬಲ್ಲವು. ಆದರೆ ಆ ತಡೆಯ ಆಯುಸ್ಸು ಅವನ ರಾಜಕೀಯದ ಕೈಯಲ್ಲಿದೆ. ಮಂಗಳೂರು ಒಪ್ಪಂದ ಟಿಪ್ಪುವಿಗೆ ಗಳಿಸಿಕೊಟ್ಟದ್ದು ಸುಮಾರು ಆರು ವರ್ಷಗಳ ಬಿಡುವು. ಆ ಅವಧಿಯಲ್ಲಿ ಕಂಪನಿ ತನ್ನ ಒಡಕುಗಳನ್ನು ಮುಚ್ಚಿಕೊಂಡಿತು. ಮೈಸೂರು ನೆರೆಯವರಲ್ಲಿ ಒಬ್ಬನನ್ನೂ ಒಲಿಸಿಕೊಳ್ಳಲಿಲ್ಲ.