ಡಚ್ ಭಾಷೆಯಲ್ಲಿ ವಿಧ್ಯಭಾವದ ನಿರೂಪಣೆಯೂ ಪದಕ್ರಮವೂ

ವಿಧಿ, ನಿಷೇಧ, ವಿಧಿಯ ಅಭಾವ ಎಂಬ ಮೂರು ಅರ್ಥಗಳು ಪರಸ್ಪರ ಭಿನ್ನವಾದುವು. 'ಬರಬೇಕು' ಎಂಬುದು ವಿಧಿ. 'ಬರಬಾರದು' ಎಂಬುದು ನಿಷೇಧ. 'ಬರಬೇಕಾಗಿಲ್ಲ' ಎಂಬಲ್ಲಿ ವಿಧಿಯು ಇಲ್ಲವೆಂದಿಷ್ಟೇ ತಾತ್ಪರ್ಯ. ಡಚ್ ಭಾಷೆಯನ್ನು ಪರಭಾಷಿಕರಿಗೆ ಕಲಿಸುವಾಗ ಈ ಮೂರನೆಯ ಅರ್ಥವನ್ನು ಶಬ್ದಕೋಶದ ವಿಷಯವೆಂದು ಸಂಕ್ಷೇಪಿಸಿ, ಪದಕ್ರಮವನ್ನು ಬೇರೊಂದು ಪ್ರಕರಣಕ್ಕೆ ತಳ್ಳುವ ಕ್ರಮವುಂಟು. ಈ ವಿಭಾಗವು ಯುಕ್ತವೆಂದು ತೋರುವುದಿಲ್ಲ.

ಡಚ್ಚಿನಲ್ಲಿ ವಿಧಿಯನ್ನು ಸೂಚಿಸುವ ಸಹಾಯಕ್ರಿಯೆ 'ಮೂಟೆನ್'. ಅದರೊಡನೆ 'ನೀಟ್' ಎಂಬ ನಿಷೇಧಾವ್ಯಯವು ಸೇರಿದ 'ಯೆ ಮೂಟ್ ನೀಟ್ ಕೋಮೆನ್' ಎಂಬ ವಾಕ್ಯಕ್ಕೆ ನೆದರ್ಲೆಂಡಿನ ರೂಢಿಯಲ್ಲಿ 'ನೀನು ಬರಬಾರದು' ಎಂಬುದೇ ಸಹಜವಾದ ಅರ್ಥ. 'ಬರಬೇಕಾಗಿಲ್ಲ' ಎನ್ನಬೇಕಾದರೆ ಧಾತುವನ್ನೇ ಬದಲಿಸಿ 'ಯೆ ಹೂಫ್ಟ್ ನೀಟ್ ಟೆ ಕೋಮೆನ್' ಎನ್ನಬೇಕು. ಬೆಲ್ಜಿಯಮಿನ ಡಚ್ ಭಾಷಿಕರಾದರೋ ಮೊದಲನೆಯ ವಾಕ್ಯವನ್ನೇ ಈ ಎರಡನೆಯ ಅರ್ಥದಲ್ಲಿಯೂ ಪ್ರಯೋಗಿಸುವರು. ಗಡಿಯ ಒಂದು ಕಡೆ ನಿಷೇಧವಾದುದು ಇನ್ನೊಂದು ಕಡೆ ವಿನಾಯಿತಿಯಾಗಬಹುದು. ಕರಾರುಪತ್ರವನ್ನು ಭಾಷಾಂತರಿಸುವವನಿಗೆ ಇದು ಅಲ್ಪವಿಷಯವಲ್ಲ.

'ಹೂವೆನ್' ಧಾತುವು ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲದು. 'ನೀಟ್', 'ಖೇನ್', 'ನೋಯ್ಟ್' ಮುಂತಾದ ಅಭಾವಸೂಚಕಗಳನ್ನೋ, 'ಮಾತ್ರ' ಎಂಬರ್ಥದ 'ಆಲೇನ್' ಮುಂತಾದ ಪದವನ್ನೋ ಅದು ಅಪೇಕ್ಷಿಸುತ್ತದೆ. ಆದಕಾರಣ ಆ ಪದಗಳ ಸ್ಥಾನವನ್ನು ಅರಿಯದೆ ಈ ಧಾತುವಿನ ಪ್ರಯೋಗವನ್ನು ಅರಿತಂತಾಗದು. ನಿರ್ದಿಷ್ಟ ಕರ್ಮವು 'ನೀಟ್' ಎಂಬುದಕ್ಕಿಂತ ಮೊದಲು ಬರುತ್ತದೆ: 'ಹೈ ಹೂಫ್ಟ್ ಹೆಟ್ ಬೂಕ್ ನೀಟ್ ಟೆ ಲೇಜೆನ್', ಅವನು ಆ ಪುಸ್ತಕವನ್ನು ಓದಬೇಕಾಗಿಲ್ಲ. ಕರ್ಮವು ಅನಿರ್ದಿಷ್ಟವಾದರೆ 'ಖೇನ್ ಬೂಕ್' ಎಂದಾಗುತ್ತದೆ. ಪೂರ್ಣಭೂತದಲ್ಲಿ ಕೃದಂತವನ್ನು ಬಿಟ್ಟು 'ಹೈ ಹೇಫ್ಟ್ ನೀಟ್ ಹೂವೆನ್ ಕೋಮೆನ್' ಎಂದು ಧಾತುರೂಪಗಳೆರಡೂ ಒಟ್ಟಿಗೆ ನಿಲ್ಲುತ್ತವೆ; 'ಟೆ' ಎಂಬುದು ಅಲ್ಲಿ ಲೋಪವಾಗಬಹುದು.

ಅಧೀನವಾಕ್ಯದ ಕ್ರಮವು ವಿಶೇಷವಾಗಿ ಗಮನಾರ್ಹವಾದುದು. 'ಮೂಟೆನ್' ಇದ್ದಲ್ಲಿ 'ಮೂಟ್ ಕೋಮೆನ್', 'ಕೋಮೆನ್ ಮೂಟ್' ಎಂಬ ಎರಡು ಕ್ರಮಗಳೂ ಸಾಧು. 'ಹೂವೆನ್' ಇದ್ದಲ್ಲಿ 'ನೀಟ್ ಹೂಫ್ಟ್ ಟೆ ಕೋಮೆನ್' ಎಂಬುದೇ ರೂಢಿ. ಇಲ್ಲಿ ಅಭಾವ, ವಿಧಿ, ಮುಖ್ಯಕ್ರಿಯೆ ಎಂಬುದು ಅನುಕ್ರಮ. ಕನ್ನಡದ 'ಬರ-ಬೇಕಾಗಿ-ಇಲ್ಲ' ಎಂಬಲ್ಲಿ ಇದೇ ಅನುಕ್ರಮವು ಕನ್ನಡಿಯ ಬಿಂಬದಂತೆ ತಿರುಗಿದೆ. ಎರಡು ಭಾಷೆಗಳಲ್ಲಿಯೂ ಅಭಾವವು ಹೊರಗೆ ನಿಂತು ವಿಧಿಯನ್ನು ಆವರಿಸುತ್ತದೆ. ನಿಷೇಧದಲ್ಲಿಯಾದರೋ ವಿಧಿಯೇ ಅಭಾವವನ್ನು ಆವರಿಸುವುದು. 'ನೀನು ಬರುವುದು ಬೇಡ' ಎಂಬ ಕನ್ನಡ ವಾಕ್ಯವು ತಡೆಯೋ, ವಿನಾಯಿತಿಯೋ ಎಂಬ ಸಂದೇಹಕ್ಕೆ ಎಡೆಗೊಡುವುದನ್ನು ನೆನೆದರೆ ಬೆಲ್ಜಿಯಮಿನ ಪ್ರಯೋಗವೂ ವಿಚಿತ್ರವೆನಿಸದು.

ಇದರಿಂದ ವ್ಯಕ್ತವಾಗುವುದೇನೆಂದರೆ, ವಿಧ್ಯಭಾವವು ಒಂದು ಪದದ ಅರ್ಥವಲ್ಲ, ಪದಗಳ ಸಂಬಂಧದ ಫಲ. ಅರ್ಥವನ್ನೂ ಕ್ರಮವನ್ನೂ ಒಂದೇ ಪ್ರಕರಣದಲ್ಲಿ ನಿರೂಪಿಸುವ ವ್ಯಾಕರಣವೇ ವಿದ್ಯಾರ್ಥಿಗೆ ಉಪಕಾರಿಯಾಗಬಲ್ಲುದು.