ಗಾಳಿಯನ್ನೇ ನಂಬಿದ ಮ್ಹಾದೇಯಿ

ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾಕ್ಕಿಳಿದು ಮಾಂಡವಿಯಾಗುತ್ತದೆ. ಆ ನದಿಯ ದಿವಾಡಿ ದ್ವೀಪದ ದೋಣಿ ಕಟ್ಟೆಯಲ್ಲಿ ರತ್ನಾಕರ ದಾಂಡೇಕರ್ ಕಟ್ಟಿದ, ಅದೇ ನದಿಯ ಹೆಸರಿನ 56 ಅಡಿಯ ಹಾಯಿದೋಣಿ 'ಮ್ಹಾದೇಯಿ' 2009ರಲ್ಲಿ ನೌಕಾಪಡೆ ಸೇರಿತು.

ಇದರ ಒಡಲನ್ನು ಗಮನಿಸಬೇಕು. ಡಚ್ಚರ ವ್ಯಾನ್ ಡಿ ಸ್ಟಾಟ್ ಸಂಸ್ಥೆಯ 'ಟೋಂಗಾ 56' ನಕ್ಷೆಯಂತೆ ಕೆಂಪು ಸೀಡರ್ ಮರದ ಸಣ್ಣ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಹೊದಿಸಿದ್ದಾರೆ. ಮರ ಹಗುರ, ಹೊದಿಕೆ ಬಿಗಿ. ಆದರೂ ಒಟ್ಟು ತೂಕ ಸುಮಾರು 23 ಟನ್.

ಹಾಗಾಗಿ ಇದು ಪಂದ್ಯದ ದೋಣಿಯಲ್ಲ. ಸಣ್ಣ ಗಾಳಿಗೆ ಚುರುಕಾಗದು. ಗಾಳಿ ಬಲಿತು ಅಲೆ ಎದ್ದಾಗಲೇ ಇದರ ಗುಣ ಕಾಣುವುದು. ನೀರಿನಡಿಯ ಭಾರದ ಕೀಲ್ ದೋಣಿಯನ್ನು ಮಗುಚಲು ಬಿಡದೆ ಹಿಡಿದಿಡುತ್ತದೆ. ಒಬ್ಬನೇ ನಾವಿಕ ನಿದ್ದೆಗೆ ಹೋಗಬೇಕಾದ ಪಯಣದಲ್ಲಿ ವೇಗಕ್ಕಿಂತ ಈ ಸ್ಥಿರತೆಯೇ ದೊಡ್ಡದು.

ನೌಕಾಪಡೆಯ ಅಧಿಕಾರಿ ದಿಲೀಪ್ ದೋಂದೆ 2009–10ರಲ್ಲಿ ಇದೇ ದೋಣಿಯಲ್ಲಿ ನಾಲ್ಕು ಕಡೆ ತಂಗಿ ಒಬ್ಬರೇ ಭೂಮಿ ಸುತ್ತಿದರು. ಭಾರತೀಯರಲ್ಲಿ ಅವರೇ ಮೊದಲಿಗರು. 2012ರ ನವೆಂಬರ್ 1ರಂದು ಇದರಲ್ಲೇ ಮುಂಬೈ ಬಿಟ್ಟ ಇನ್ನೊಬ್ಬ ನೌಕಾ ಅಧಿಕಾರಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ 2013ರ ಮಾರ್ಚ್ 31ಕ್ಕೆ ಮರಳಿದರು. ಜನವರಿ 26ರಂದು ಅವರು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದ್ದರು. ಅಂಥ ಯಾನಕ್ಕೆ ಕನಿಷ್ಠ 21,600 ನಾಟಿಕಲ್ ಮೈಲಿ ಬೇಕು. ಲೆಕ್ಕ ಹಾಕಿದರೆ ಹಗಲೂ ರಾತ್ರಿ ಗಂಟೆಗೆ ಸುಮಾರು 6 ನಾಟಿಕಲ್ ಮೈಲಿ. ಐದು ತಿಂಗಳು ಈ ಸರಾಸರಿ ಕಾಯ್ದುಕೊಳ್ಳುವುದು ಅಪರೂಪದ ಕಸುವು.

ಅದೇ ನಕ್ಷೆಯ ತಂಗಿ ದೋಣಿ 'ತಾರಿಣಿ'ಯಲ್ಲಿ ಆರು ಮಹಿಳಾ ಅಧಿಕಾರಿಗಳು 2018ರ ಮೇ ತಿಂಗಳಲ್ಲಿ ಭೂ ಪ್ರದಕ್ಷಿಣೆ ಮುಗಿಸಿದರು.