ಗದ್ದಲದೊಳಗಿನ ಬಿಡುವು: ಎರಡು ಆಂಪ್‌ಗಳನ್ನು ಓದುವುದು

ಹೆವಿ ಮೆಟಲ್ ಕೇಳಿ ಅಭ್ಯಾಸವಿಲ್ಲದವರು ಅದನ್ನು ಗದ್ದಲ ಎನ್ನುತ್ತಾರೆ. ಅಭ್ಯಾಸವಿದ್ದವರಲ್ಲೂ ಬಹಳ ಮಂದಿ ಅದನ್ನು ಗದ್ದಲದ ಲೆಕ್ಕದಲ್ಲೇ ಅಳೆಯುತ್ತಾರೆ. ಯಾವ ಆಂಪ್ಲಿಫೈಯರಿನಲ್ಲಿ ಗೇನ್ ಜಾಸ್ತಿ, ಯಾವುದು ಹೆಚ್ಚು ಒರಟು, ಎದೆ ಯಾವುದಕ್ಕೆ ನಡುಗುತ್ತದೆ ಎಂಬುದೇ ಮಾತು. ಪೀವಿ 5150 ಒಳ್ಳೆಯದೋ ಮೆಸಾ ಬೂಗಿಯವರ ಡ್ಯುಯಲ್ ರೆಕ್ಟಿಫೈಯರ್ ಒಳ್ಳೆಯದೋ ಎಂಬ ಜಗಳ ಮೂವತ್ತು ವರ್ಷಗಳಿಂದ ಇದೇ ಧಾಟಿಯಲ್ಲಿ ನಡೆದುಕೊಂಡು ಬಂದಿದೆ. ಆದರೆ ಗೇನ್ ಎರಡರಲ್ಲೂ ಬೇಕಾದ್ದಕ್ಕಿಂತ ಹೆಚ್ಚಿದೆ. 5150ರ ಲೀಡ್ ಚಾನೆಲ್ಲಿನ ಗುಬ್ಬಿಯನ್ನು ಅರ್ಧದಾಚೆ ತಿರುಗಿಸುವ ಅಗತ್ಯ ಬಹುತೇಕ ಯಾರಿಗೂ ಬೀಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಕೈ ನಿಂತಾಗ ಶಬ್ದ ಎಷ್ಟು ಬೇಗ ನಿಲ್ಲುತ್ತದೆ? ತಂಡದ ಉಳಿದವರಿಗೆ ಅದು ಎಷ್ಟು ಜಾಗ ಬಿಡುತ್ತದೆ?

ಡಿಸ್ಟಾರ್ಷನ್ ಎಂದರೆ ಏನೆಂದು ಮೊದಲು ನೋಡೋಣ. ಗಿಟಾರಿನಿಂದ ಬರುವ ಸಂಕೇತವನ್ನು ಟ್ಯೂಬು ತಾಳಲಾರದಷ್ಟು ಹಿಗ್ಗಿಸಿದಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ. ನಮಗೆ ಇದು ತೀರಾ ಅಪರಿಚಿತವಲ್ಲ. ತಂಬೂರಿಯ ತಂತಿಯ ಕೆಳಗೆ ಒಂದೆಳೆ ನೂಲು ಸಿಕ್ಕಿಸಿ, ಸಪ್ಪೆ ನಾದವನ್ನು ಝೇಂಕಾರವಾಗಿಸುವುದೂ ಸ್ವರಾಂಶಗಳನ್ನು ಬೇಕೆಂದೇ ಹೆಚ್ಚಿಸುವ ಕೆಲಸವೇ. ವ್ಯತ್ಯಾಸವಿರುವುದು ಪರಿಣಾಮದಲ್ಲಿ. ಟ್ಯೂಬು ಅಲೆಯ ತಲೆ ಕತ್ತರಿಸಿದಾಗ ಜೋರು ಮೆಲು ಎಂಬ ಅಂತರ ಕುಗ್ಗುತ್ತದೆ. ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಹಾಗಾದಾಗ ವಾದಕನ ಕೈಯಲ್ಲಿ ಉಳಿಯುವ ಮುಖ್ಯ ಸಾಧನ ಒಂದೇ, ಶಬ್ದವನ್ನು ತಡೆಯುವುದು. ಬಲ ಅಂಗೈಯ ಅಂಚನ್ನು ಬ್ರಿಡ್ಜಿನ ಬಳಿ ತಂತಿಯ ಮೇಲೊರಗಿಸಿ ಮೀಟುವ ಪಾಮ್ ಮ್ಯೂಟ್ ಈ ಸಂಗೀತದ ಬೆನ್ನೆಲುಬಾದದ್ದು ಇದೇ ಕಾರಣಕ್ಕೆ. ಮೆಟಲ್ಲಿನ ತೂಕ ಹುಟ್ಟುವುದು ಎರಡು ಏಟುಗಳ ನಡುವಿನ ಆ ಚೂರು ಖಾಲಿಯಲ್ಲಿ.

ಈ ಎರಡು ಆಂಪುಗಳು ದಾಯಾದಿಗಳು. ಮೈಕ್ ಸೊಲ್ಡಾನೊ 1987ರಲ್ಲಿ ತಂದ ಎಸ್‌ಎಲ್‌ಒ-100 ಎಂಬ ಆಂಪಿನ ಗೇನ್ ಹಂತಗಳ ವಿನ್ಯಾಸ ಎರಡರ ಒಳಗೂ ಗುರುತು ಸಿಗುವಷ್ಟು ಸ್ಪಷ್ಟವಾಗಿದೆ. ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ ರ‍್ಯಾಂಡಲ್ ಸ್ಮಿತ್ ಅವರ ಕಂಪನಿ ತೊಂಬತ್ತರ ದಶಕದ ಆರಂಭದಲ್ಲಿ ರೆಕ್ಟಿಫೈಯರನ್ನು ತಂದಿತು. 1992ರಲ್ಲಿ ಮಿಸಿಸಿಪ್ಪಿಯ ಮೆರಿಡಿಯನ್ನಿನಿಂದ ಪೀವಿ ಕಂಪನಿ 5150ಯನ್ನು ತಂದಿತು. ಎಂಜಿನಿಯರ್ ಜೇಮ್ಸ್ ಬ್ರೌನ್ ಅದನ್ನು ಎಡ್ಡಿ ವ್ಯಾನ್ ಹೇಲನ್ ಅವರಿಗಾಗಿ, ಅವರ ಜೊತೆ ಕೂತು ರೂಪಿಸಿದರು. ಒಂದೇ ಕಥೆಯನ್ನು ಇಬ್ಬರು ಕವಿಗಳು ಬರೆದರೆ ಹೇಗೆ ಎರಡು ಕಾವ್ಯವಾಗುತ್ತದೋ, ಹಾಗೆ.

ಹೆಸರುಗಳನ್ನು ನಂಬಿದರೆ ಇಬ್ಬರೂ ನಮ್ಮನ್ನು ದಾರಿ ತಪ್ಪಿಸುತ್ತಾರೆ. 5150 ಎಂಬುದು ಕ್ಯಾಲಿಫೋರ್ನಿಯಾದ ಕಾನೂನಿನ ಒಂದು ಕಲಮು. ಮಾನಸಿಕವಾಗಿ ಅಸ್ವಸ್ಥರಾದವರನ್ನು ಅವರ ಒಪ್ಪಿಗೆಯಿಲ್ಲದೆ ಆಸ್ಪತ್ರೆಯಲ್ಲಿರಿಸಿಕೊಳ್ಳಲು ಅವಕಾಶ ಕೊಡುವ ಕಲಮು ಅದು. ಎಡ್ಡಿ ಆ ಸಂಖ್ಯೆಯನ್ನು ಮೊದಲು ತಮ್ಮ ಸ್ಟುಡಿಯೊಗೆ, ಆಮೇಲೆ 1986ರ ಆಲ್ಬಮ್ಮಿಗೆ, ಕೊನೆಗೆ ಆಂಪಿಗೆ ಇಟ್ಟರು. ಅಷ್ಟು ಹುಚ್ಚಿನ ಹೆಸರು ಹೊತ್ತ ಯಂತ್ರ ನಿಜದಲ್ಲಿ ಬಲು ಶಿಸ್ತಿನದು. ರೆಕ್ಟಿಫೈಯರ್ ಎಂದರೆ ಏಸಿ ವಿದ್ಯುತ್ತನ್ನು ಡಿಸಿಗೆ ತಿರುಗಿಸುವ ಭಾಗ. ಮೆಸಾದವರು ಅದರಲ್ಲಿ ಎರಡು ಬಗೆ ಇಟ್ಟರು, ಸಿಲಿಕಾನ್ ಡಯೋಡ್ ಒಂದು, ಹಳೆಯ ಟ್ಯೂಬು ಇನ್ನೊಂದು. ಟ್ಯೂಬಿಗೆ ತಿರುಗಿಸಿದರೆ ಜೋರು ಏಟು ಬಿದ್ದಾಗ ವೋಲ್ಟೇಜ್ ಕ್ಷಣ ಕುಸಿದು ಮತ್ತೆ ಏಳುತ್ತದೆ, ಶಬ್ದ ಹಿಟ್ಟಿನಂತೆ ಮೆದುವಾಗುತ್ತದೆ. ಬಿಗಿಯಾದ ಮೆಟಲ್ ನುಡಿಸುವವರು ಡಯೋಡನ್ನೇ ಆರಿಸಿಕೊಳ್ಳುವುದರಿಂದ, ಹೆಸರಿಗೆ ಕಾರಣವಾದ ಆಯ್ಕೆ ಅವರಿಗೆ ಹೆಚ್ಚುಕಮ್ಮಿ ಅಲಂಕಾರ.

ನಿಜವಾದ ವ್ಯತ್ಯಾಸವಿರುವುದು ಜಾಹೀರಾತಿನಲ್ಲಿ ಕಾಣದ ಜಾಗದಲ್ಲಿ. ಆಂಪಿನ ಕೊನೆಯ ಹಂತದಿಂದ ಹೊರಡುವ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ತಂದು, ವಿರುದ್ಧವಾಗಿ ಕೂಡಿಸಿ, ಇಡೀ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುತ್ತಾರೆ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಅದು ಇದ್ದಾಗ ಸ್ಪೀಕರಿನ ಕಾಗದದ ಶಂಕು ತನ್ನಿಷ್ಟಕ್ಕೆ ತೂಗಾಡುವುದಿಲ್ಲ, ಹೇಳಿದಾಗ ನಿಲ್ಲುತ್ತದೆ. ರೆಕ್ಟಿಫೈಯರಿನ ‘ಮಾಡರ್ನ್’ ಸ್ಥಿತಿಯಲ್ಲಿ ಈ ಲಗಾಮನ್ನು ಪೂರ್ತಿ ಕಳಚುತ್ತಾರೆ. ಆಗ ಮಂದ್ರ ಉಕ್ಕುತ್ತದೆ, ತಾರದ ತುದಿ ಹರಿತವಾಗುತ್ತದೆ, ಏಟು ಮುಗಿದ ಮೇಲೂ ಕೆಳಗಿನ ಗುಂಯ್ ಎನ್ನುವ ನಾದ ಒಂದಿಷ್ಟು ಹೊತ್ತು ತೇಲುತ್ತಿರುತ್ತದೆ. 5150ಯಲ್ಲಿ ಲಗಾಮು ಹಾಗೇ ಇದೆ. ರೆಸೊನೆನ್ಸ್ ಎಂಬ ಗುಬ್ಬಿ ತಿರುಗಿಸಿ ಮಂದ್ರಕ್ಕೆ ಮಾತ್ರ ಎಷ್ಟು ಸಡಿಲ ಕೊಡಬೇಕೆಂದು ವಾದಕ ತೀರ್ಮಾನಿಸಬಹುದು. ಒಂದು ಕಡೆ ತೂಬು ತೆರೆದ ಕೆರೆ, ಇನ್ನೊಂದು ಕಡೆ ನಲ್ಲಿ.

ಇಲ್ಲಿಗೆ ಬಂದರೆ ಬೇಸ್ ಗಿಟಾರ್ ವಾದಕನ ವಿಷಯ ಬಂದೇ ಬರುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಸ್, ಬೇಸ್ ಗಿಟಾರಿನದು ಅದರ ಅರ್ಧ, 41. ಭಾರದ ಸಂಗೀತಕ್ಕಾಗಿ ಗಿಟಾರಿನ ಶ್ರುತಿಯನ್ನು ಇಳಿಸುತ್ತ ಹೋದಂತೆ ಅದು ಬೇಸಿನ ಜಾಗಕ್ಕೆ ಇಳಿಯುತ್ತದೆ. ಅದರ ಮೇಲೆ ಲಗಾಮು ಕಳಚಿದ ಆಂಪ್ ಇದ್ದರೆ ಬೇಸ್ ವಾದಕನಿಗೆ ಉಳಿಯುವುದೇನು? ಟ್ರಿಪಲ್ ರೆಕ್ಟಿಫೈಯರ್ ಬಳಸಿ, ಏಳು ತಂತಿಯ ಗಿಟಾರುಗಳನ್ನು ಕೆಳಗಿನ ‘ಎ’ವರೆಗೆ ಇಳಿಸಿದ ಕಾರ್ನ್ ತಂಡದಲ್ಲಿ ಬೇಸ್ ಕೇಳಿಸುವುದು ಚಟಪಟ ಎಂಬ ಹೊಡೆತವಾಗಿ. ಕೆಳಗಡೆ ಜಾಗವಿಲ್ಲದ ಮೇಲೆ ಅದು ಮೇಲೆ ಹೋಗಿ ತಾಳವಾದ್ಯವಾಯಿತು ಎಂದು ನಾನು ಓದುತ್ತೇನೆ. ಅಲ್ಲಿ ಅದೊಂದು ಶೈಲಿಯೇ ಆಗಿ ಗೆದ್ದಿತು. ಎಲ್ಲ ತಂಡಕ್ಕೂ ಆ ಅದೃಷ್ಟ ಇರುವುದಿಲ್ಲ. (ಮೆಟಾಲಿಕಾದ 1988ರ ಆಲ್ಬಮ್ಮಿನಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಕೇಳಿಸದೇ ಹೋದದ್ದು ಪ್ರಸಿದ್ಧ. ಅದು ಈ ಆಂಪುಗಳು ಹುಟ್ಟುವ ಮೊದಲಿನ ಮಾತು, ಮಿಕ್ಸಿಂಗ್ ಮೇಜಿನ ಮೇಲೆ ಆದ ಅನ್ಯಾಯ.)

ರೆಕ್ಟಿಫೈಯರನ್ನು ತಳ್ಳಿಹಾಕುತ್ತಿಲ್ಲ. ನಿಧಾನದ, ಒಂದೊಂದು ಸ್ವರವೂ ಉಸಿರೆಳೆದುಕೊಂಡು ಬೀಳುವ ಸಂಗೀತಕ್ಕೆ, ಒಬ್ಬನೇ ಗಿಟಾರ್ ವಾದಕನಿರುವ ಮೂರು ಜನರ ತಂಡಕ್ಕೆ ಆ ಉಕ್ಕುವ ಮಂದ್ರ ವರವೇ. ಗೋಡೆಯಿಂದ ಗೋಡೆಗೆ ಶಬ್ದ ತುಂಬುತ್ತದೆ. ವೇಗ ಹೆಚ್ಚಿದಾಗ ಅದೇ ಗುಣ ಕೆಸರಾಗುತ್ತದೆ, ಹಿಂದಿನ ಏಟಿನ ಬಾಲ ಮುಂದಿನ ಏಟಿನ ತಲೆಯನ್ನು ಮುಚ್ಚುತ್ತದೆ. ಇದಕ್ಕೆ ವಾದಕರು ಕಂಡುಕೊಂಡ ಮದ್ದು ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಪೆಡಲ್. ಅದರ ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿಗೆ ಇಟ್ಟರೆ ಡಿಸ್ಟಾರ್ಷನ್ ಆಗುವ ಮೊದಲೇ ಮಂದ್ರ ಕಡಿತವಾಗುತ್ತದೆ. ದೊಡ್ಡ ಮಂದ್ರಕ್ಕೆಂದು ದೊಡ್ಡ ದುಡ್ಡು ಕೊಟ್ಟು, ಆಮೇಲೆ ಅದನ್ನು ಕತ್ತರಿಸಲು ಇನ್ನೊಂದಿಷ್ಟು ಕೊಡುವುದು ತಮಾಷೆಯಾಗಿ ಕಾಣಬಹುದು. ಆದರೆ ಅದರಲ್ಲಿ ವಿವೇಕವಿದೆ. ಮೊದಲು ಕತ್ತರಿಸಿದರೆ ಬಿಗಿ ಬರುತ್ತದೆ, ಕೊನೆಯಲ್ಲಿ ಸೇರಿಸಿದರೆ ತೂಕ ಬರುತ್ತದೆ. ಈ ಕ್ರಮ ಅದಲುಬದಲಾದರೆ ಎರಡೂ ಕೈತಪ್ಪುತ್ತವೆ.

ನನ್ನ ಮತ 5150ಗೆ. ಅದರ ಮಧ್ಯದ ಸ್ವರಗಳು ಮುಂದೆ ಬಂದು ನಿಲ್ಲುತ್ತವೆ, ಇಬ್ಬರು ಗಿಟಾರ್ ವಾದಕರಿದ್ದರೂ ಬೇಸಿಗೆ ಕೆಳಗಡೆ ಜಾಗ ಉಳಿಯುತ್ತದೆ. ಕಿವಿಗೆ ಸ್ವಲ್ಪ ಒರಟು, ಒಂಟಿಯಾಗಿ ಕೇಳಿದರೆ ಪಕ್ಕದ ರೆಕ್ಟಿಫೈಯರಿನ ಮುಂದೆ ಬಡಕಲು ಎನಿಸುತ್ತದೆ. ಅಂಗಡಿಯಲ್ಲಿ ಸೋತು ತಂಡದಲ್ಲಿ ಗೆಲ್ಲುವ ಆಂಪ್ ಇದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಎಡ್ಡಿ ಬಯಸಿದ್ದು ಹಾಡುವ, ಉದ್ದಕ್ಕೆ ಎಳೆಯುವ ಲೀಡ್ ನಾದ. ಆದರೆ ಮಷೀನ್ ಹೆಡ್ ತಂಡದ ರಾಬ್ ಫ್ಲಿನ್ ಅಂಥವರ ಕೈಗೆ ಬಂದು ಅದು ಕಡಿದು ಕಡಿದು ಬೀಳುವ ರಿದಮ್ಮಿನ ಯಂತ್ರವಾಯಿತು. ಕರ್ತೃವಿನ ಉದ್ದೇಶ ಕೃತಿಯ ಬಳಕೆಯನ್ನು ಕಟ್ಟಿಹಾಕಲಾರದು ಎಂಬುದಕ್ಕೆ ಪಠ್ಯಪುಸ್ತಕದ ಹೊರಗೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಗೊತ್ತಿಲ್ಲ. 2004ರಲ್ಲಿ ಎಡ್ಡಿ ಪೀವಿಯನ್ನು ಬಿಟ್ಟ ಮೇಲೆ ಅದೇ ಆಂಪ್ 6505 ಎಂಬ ಹೆಸರಲ್ಲಿ ಬಂತು. ಪೀವಿಯ 1965ರಿಂದ 2005ರ ನಲವತ್ತು ವರ್ಷಗಳ ನೆನಪಿಗೆ ಆ ಅಂಕಿಗಳು. ಒಳಗಿನ ಪಠ್ಯ ಒಂದೇ, ಬದಲಾದದ್ದು ಮುಖಪುಟ. ಆದರೂ ಹಳೆಯದರ ನಾದವೇ ಬೇರೆ ಎಂದು ಆಣೆ ಮಾಡುವವರು ಇದ್ದಾರೆ.

ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ಹಳೆಯ ಕೇಳುಗರಿದ್ದಾರೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದದ್ದು ಸುಮ್ಮನೆ ಅಲ್ಲ. ಇಂದು ಇಲ್ಲಿನ ಹುಡುಗ ಹುಡುಗಿಯರು ಈ ಎರಡು ಆಂಪುಗಳನ್ನು ಹೆಚ್ಚಾಗಿ ಭೇಟಿಯಾಗುವುದು ಲ್ಯಾಪ್‌ಟಾಪಿನೊಳಗಿನ ಅನುಕರಣೆಗಳಾಗಿ. ಪ್ರಶ್ನೆ ಅಲ್ಲೂ ಅದೇ. ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಆರಿಸಿದರೆ ರೆಕ್ಟಿಫೈಯರ್ ಸುಲಭವಾಗಿ ಮನಸ್ಸು ಗೆಲ್ಲುತ್ತದೆ. ಹಾಗಾಗಿ ಡ್ರಮ್ ಮತ್ತು ಬೇಸಿನ ರೆಕಾರ್ಡಿಂಗ್ ಜೊತೆಗಿಟ್ಟುಕೊಂಡು ನುಡಿಸಿ, ಪಾಮ್ ಮ್ಯೂಟ್ ಮಾಡಿದ ಪ್ರತಿ ಏಟಿನ ಬಳಿಕ ಬೇಸ್ ಕೇಳಿಸುತ್ತದೆಯೇ ಎಂದು ಕಿವಿಗೊಡಿ. ನಿಜವಾದ ಆಂಪನ್ನೇ ಅಮೆರಿಕದಿಂದ ತರಿಸಿಕೊಳ್ಳುವ ಉತ್ಸಾಹಿಗಳು ಮೊದಲು ಅದರ ಬೆನ್ನ ಮೇಲಿನ ವೋಲ್ಟೇಜ್ ಓದಬೇಕು. ಅಲ್ಲಿಯದು 120, ನಮ್ಮ ಗೋಡೆಯಲ್ಲಿರುವುದು 230. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಮೊದಲ ಏಟಿಗೂ ಮುಂಚೆಯೇ ಹೊಗೆ ಬರುತ್ತದೆ.